ಮನೆಯ ಮಕ್ಕಳೋ, ದುಡಿಯುವ ಕೈಗಳೋ?

ಹದಿನಾಲ್ಕು ತುಂಬದ ಮಕ್ಕಳನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳಬಾರದೆಂದು 2016ರಲ್ಲಿ ನಮ್ಮ ದೇಶದ ಕಾನೂನನ್ನು ಬಿಗಿಗೊಳಿಸಲಾಯಿತು. ಅದೇ ತಿದ್ದುಪಡಿ ಒಂದು ವಿನಾಯಿತಿಯನ್ನೂ ಕೊಟ್ಟಿತು. ವಾದವಿವಾದ ಎದ್ದದ್ದು ಅದರಿಂದಲೇ. ಶಾಲೆ ಬಿಟ್ಟ ಮೇಲೆ ಅಥವಾ ರಜೆಯಲ್ಲಿ, ಅಪಾಯವಿಲ್ಲದ ಕೆಲಸದಲ್ಲಿ ಮಗು ಕುಟುಂಬಕ್ಕೆ ನೆರವಾಗಬಹುದು. ದಿನಕ್ಕೆ 3 ಗಂಟೆ ಮೀರಬಾರದು, ಸಂಜೆ 7ರಿಂದ ಬೆಳಿಗ್ಗೆ 8ರವರೆಗೆ ಕೂಡದು ಎನ್ನುತ್ತವೆ 2017ರ ನಿಯಮಗಳು. ಮನೆಯೊಳಗೆ ಗಡಿಯಾರ ನೋಡುವವರು ಯಾರು?

"ಯೇಸುಸ್ವಾಮಿಯೂ ಬಡಗಿಯ ಕೆಲಸ ಕಲಿಯಲಿಲ್ಲವೇ?" ಎಂದು ಕೆಲವರು ಕೇಳುವುದುಂಟು. ನಿಜ. ಹೆತ್ತವರ ಜೊತೆ ಕೈಕೆಲಸ ಕಲಿಯುವುದು ಪಾಪವಲ್ಲ. ಹೊಲ, ಅಂಗಡಿ ಇರುವ ಮನೆಗಳಿಗೆ ಇದನ್ನು ಹೇಳಬೇಕಾಗಿಯೂ ಇಲ್ಲ. ಆದರೆ ಹನ್ನೆರಡನೆಯ ವಯಸ್ಸಿನಲ್ಲಿ ಅದೇ ಬಾಲಕ ದೇವಾಲಯದಲ್ಲಿ ಬೋಧಕರ ನಡುವೆ ಕುಳಿತು ಪ್ರಶ್ನೆ ಕೇಳುತ್ತಿದ್ದನು (ಲೂಕ 2:46). ದೇಹ, ಬುದ್ಧಿ ಬಲಿಯುವ ಮುನ್ನ ಮಕ್ಕಳನ್ನು ಕಾರ್ಖಾನೆಗೆ ಹಾಕಬಾರದೆಂದು ಪೋಪ್ ಹದಿಮೂರನೆಯ ಲಿಯೋ ಅವರು 1891ರಲ್ಲೇ ಎಚ್ಚರಿಸಿದ್ದರು.

ನನ್ನನ್ನು ಕಾಡುವುದು 'ಕುಟುಂಬ' ಎಂಬ ಪದ. ಈ ಕಾನೂನಿನಲ್ಲಿ ತಂದೆತಾಯಿಯ ಒಡಹುಟ್ಟಿದವರೂ ಕುಟುಂಬವೇ. ಓದಿಸುತ್ತೇವೆಂದು ಊರಿನಿಂದ ಅಕ್ಕನ ಮಗಳನ್ನು ಕರೆತಂದು, ಕೂಸು ಆಡಿಸಲು, ಪಾತ್ರೆ ತಿಕ್ಕಲು ಇಟ್ಟುಕೊಂಡ ಮನೆಗಳು ನಮ್ಮ ನಡುವೆಯೂ ಇವೆ. ಅವಳ ಹೆಸರು ಯಾವ ಶಾಲೆಯ ಹಾಜರಿ ಪುಸ್ತಕದಲ್ಲಿದೆ?