ಬಡ ಮಕ್ಕಳಿಗೆ ಆರೋಗ್ಯ ರಕ್ಷೆ: ಪರೀಕ್ಷಾ ಟಿಪ್ಪಣಿ

ಬೆಂಗಳೂರಿನ ಬಾಣಸವಾಡಿಯ ಅಂಗನವಾಡಿ ಮಗುವಿನ ಹೃದಯದಲ್ಲಿ ರಂಧ್ರವಿರುವ ಶಂಕೆ ಬಂದರೆ? ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ (2013) 18 ವರ್ಷದವರೆಗಿನವರನ್ನು ತಪಾಸಣೆ ಮಾಡುತ್ತದೆ. ಮುಂದಿನ ಚಿಕಿತ್ಸೆಗೆ ‘ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ’ ಇದೆ. 2018ರ ಮಾರ್ಚ್‌ನಲ್ಲಿ ಆರಂಭವಾದ ಆರೋಗ್ಯ ಕರ್ನಾಟಕವನ್ನು ಅದೇ ವರ್ಷದ ಅಕ್ಟೋಬರ್‌ನಲ್ಲಿ ಕೇಂದ್ರದ ಯೋಜನೆಯೊಂದಿಗೆ ಬೆಸೆಯಲಾಯಿತು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ವರೆಗೆ ಉಚಿತ, ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ 30ರಷ್ಟು ನೆರವು, ಗರಿಷ್ಠ 1.5 ಲಕ್ಷ ರೂ. ಅನುಷ್ಠಾನ: ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್.

ಅಭ್ಯರ್ಥಿಗಳು ಮರೆಯುವ ಅಂಶ ರೆಫರಲ್. ತುರ್ತು ಸಂದರ್ಭ ಬಿಟ್ಟರೆ, ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಬಾಣಸವಾಡಿಯವರಿಗೆ ಇಂದಿರಾನಗರದ ಸಿ.ವಿ. ರಾಮನ್ ಆಸ್ಪತ್ರೆ ಹತ್ತಿರ. ರೆಫರಲ್ ಚೀಟಿಗಾಗಿ ಕೂಲಿ ಬಿಟ್ಟು ಸಾಲಿನಲ್ಲಿ ನಿಲ್ಲುವ ತಾಯಿಯ ಕಷ್ಟವನ್ನು ಪ್ರಬಂಧ ಪತ್ರಿಕೆಯಲ್ಲಿ ಧೈರ್ಯವಾಗಿ ಬರೆಯಿರಿ.

ಹಿಂದಿನ ಯೋಜನೆಗಳು: ಯಶಸ್ವಿನಿ (2003), ವಾಜಪೇಯಿ ಆರೋಗ್ಯಶ್ರೀ. ಎರಡನೆಯದರಿಂದ, ಯೋಜನೆಗೆ ಒಳಪಟ್ಟ ಕಾಯಿಲೆಗಳ ಸಾವು ಬಡ ಕುಟುಂಬಗಳಲ್ಲಿ ಗಣನೀಯವಾಗಿ ತಗ್ಗಿತೆಂದು ಬಿಎಂಜೆ ವೈದ್ಯಕೀಯ ನಿಯತಕಾಲಿಕದ 2014ರ ಅಧ್ಯಯನ ತೋರಿಸಿತು.