ಸ್ವಲ್ಪವೇ ತಿಂದರೂ ಶುಗರ್ ಏಕೆ ಏರುತ್ತಿದೆ?

ಪ್ರಶ್ನೆ: ನಾನು 41 ವರ್ಷದ ಮಹಿಳೆ, ಬ್ಯಾಂಕ್ ಉದ್ಯೋಗಿ. ಅಪ್ಪನಿಗೆ ಶುಗರ್ ಇತ್ತು. ಈಗ ನನ್ನ ಎಚ್‌ಬಿಎ1ಸಿ 6.1 ಬಂದಿದೆ. ಸಿಹಿ ಮುಟ್ಟುವುದಿಲ್ಲ. ಮಧ್ಯಾಹ್ನ ಒಂದಿಷ್ಟು ಊಟ, ಸಂಜೆ ಎರಡು ಹಿಡಿ ಖಾರ ಮಿಕ್ಸ್ಚರ್, ಅಷ್ಟೇ. ಆದರೂ ಹೀಗೇಕೆ, ಡಾಕ್ಟ್ರೇ?
– ಓದುಗರೊಬ್ಬರು, ತುಮಕೂರು

ಉತ್ತರ: 5.7ರಿಂದ 6.4ರವರೆಗೆ ಮಧುಮೇಹಪೂರ್ವ ಸ್ಥಿತಿ ಎನ್ನುತ್ತೇವೆ. ಇಲ್ಲಿಂದ ಹಿಂದಕ್ಕೆ ಬರಬಹುದು, ಗಾಬರಿಯಾಗಬೇಡಿ. ಅಪ್ಪನಿಂದ ಬಂದದ್ದನ್ನು ಬದಲಿಸಲಾಗದು. ಆ ಎರಡು ಹಿಡಿ ಮಿಕ್ಸ್ಚರ್ ಅನ್ನು ಬದಲಿಸಬಹುದು.

ಎರಡು ಹಿಡಿ ಎಂದರೆ ಹೆಚ್ಚುಕಡಿಮೆ 50 ಗ್ರಾಂ. ಸೇವು, ಬೂಂದಿ, ಅವಲಕ್ಕಿ ಎಲ್ಲವೂ ಎಣ್ಣೆಯಲ್ಲಿ ಕರಿದವು, ನೀರಿನಂಶ ಇಲ್ಲವೆನ್ನುವಷ್ಟು ಕಡಿಮೆ. ಅಷ್ಟರಲ್ಲೇ ಸುಮಾರು 250 ಕ್ಯಾಲೊರಿ. ಸೌತೆಕಾಯಿಯಿಂದ ಅಷ್ಟು ಕ್ಯಾಲೊರಿ ಪಡೆಯಲು ಒಂದೂವರೆ ಕಿಲೋಗೂ ಹೆಚ್ಚು ತಿನ್ನಬೇಕು! ಒಂದು ಗ್ರಾಂ ಆಹಾರದಲ್ಲಿ ಎಷ್ಟು ಕ್ಯಾಲೊರಿ ಇದೆಯೋ ಅದೇ ಅದರ ಶಕ್ತಿ ಸಾಂದ್ರತೆ. ಕೊಬ್ಬಿಗೆ 9, ಪಿಷ್ಟಕ್ಕೂ ಪ್ರೋಟೀನಿಗೂ 4, ನೀರಿಗೆ ಸೊನ್ನೆ. ಹೊಟ್ಟೆ ತುಂಬಿತೆನ್ನಿಸುವುದು ಬಹುಮಟ್ಟಿಗೆ ಆಹಾರದ ಗಾತ್ರದಿಂದ; ಹಾಗಾಗಿ ಕ್ಯಾಲೊರಿ ಮಿತಿಮೀರಿದ್ದು ನಮಗೆ ತಿಳಿಯುವುದೇ ಇಲ್ಲ. ಮಿಕ್ಕದ್ದು ಕೊಬ್ಬಾಗಿ ಸೊಂಟದ ಸುತ್ತ, ಯಕೃತ್ತಿನೊಳಗೆ ಸೇರುತ್ತದೆ. ಆಗ ಇನ್ಸುಲಿನ್ ಇದ್ದರೂ ಅದರ ಮಾತು ನಡೆಯುವುದಿಲ್ಲ.

ಇಂಗ್ಲೆಂಡಿನ ನಾರ್ಫೋಕ್‌ನಲ್ಲಿ ಸುಮಾರು 22,000 ಜನರನ್ನು 12 ವರ್ಷ ಗಮನಿಸಿ 2008ರಲ್ಲಿ ವರದಿ ಮಾಡಿದರು. ಅತಿ ಸಾಂದ್ರ ಆಹಾರ ತಿನ್ನುತ್ತಿದ್ದವರಿಗೆ, ಅತಿ ಕಡಿಮೆ ಸಾಂದ್ರತೆಯದನ್ನು ತಿನ್ನುತ್ತಿದ್ದವರಿಗಿಂತ ಟೈಪ್ 2 ಮಧುಮೇಹದ ಅಪಾಯ ಸುಮಾರು ಶೇ 60ರಷ್ಟು ಹೆಚ್ಚಿತ್ತು. ಸಾಂದ್ರತೆಯೇ ಕಾರಣವೆಂದು ಇದೊಂದರಿಂದ ಹೇಳಲಾಗದು, ಆದರೆ ಕಡೆಗಣಿಸುವಂಥದ್ದೂ ಅಲ್ಲ.

ಹಾಗೆಂದು ಇದೊಂದೇ ಅಳತೆಗೋಲು ಹಿಡಿಯಬೇಡಿ. ಹಣ್ಣಿನ ಜ್ಯೂಸಿನ ಸಾಂದ್ರತೆ ಕಡಿಮೆ, ಆದರೂ ರಕ್ತದ ಸಕ್ಕರೆಯನ್ನು ಸರ್ರನೆ ಏರಿಸುತ್ತದೆ. ಹುರಿದ ಕಡಲೆಕಾಯಿ ಬಲು ಸಾಂದ್ರ, ಆದರೂ ಒಂದು ಸಣ್ಣ ಹಿಡಿಗೆ ಅಡ್ಡಿಯಿಲ್ಲ.

ಮಧ್ಯಾಹ್ನ ಅರೆಹೊಟ್ಟೆ ಉಣ್ಣಬೇಡಿ. ಸಂಜೆ ಡಬ್ಬಿಗೆ ಕೈ ಹೋಗುವುದು ಅದರಿಂದಲೇ. ನಿಮ್ಮ ಕಡೆಯ ಬಸ್ಸಾರಿಗಿಂತ ಒಳ್ಳೆಯ ಊಟವನ್ನು ನಾನು ಹೇಳಲಾರೆ: ಸೊಪ್ಪು, ಕಾಳು ಬೇಯಿಸಿ ಬಸಿದ ನೀರು ಸಾರಿಗೆ, ಬೆಂದದ್ದು ಪಲ್ಯಕ್ಕೆ. ಪಲ್ಯ ಧಾರಾಳವಾಗಿರಲಿ, ಮುದ್ದೆ ಚಿಕ್ಕದಿರಲಿ, ಒಗ್ಗರಣೆಗೆ ಒಂದು ಟೀ ಚಮಚ ಎಣ್ಣೆ ಸಾಕು. ಸಂಜೆಗೆ ಹೆಸರುಬೇಳೆ ಕೋಸಂಬರಿ, ನೀರುಮಜ್ಜಿಗೆ. ಊಟವಾದ ಮೇಲೆ ಸ್ವಲ್ಪ ನಡೆಯಿರಿ. ಸೊಂಟದ ಸುತ್ತಳತೆ 80 ಸೆಂ.ಮೀ. ದಾಟಿದೆಯೇ ನೋಡಿಕೊಳ್ಳಿ, ಮೂರು ತಿಂಗಳ ಬಳಿಕ ಎಚ್‌ಬಿಎ1ಸಿ ಮತ್ತೊಮ್ಮೆ ಮಾಡಿಸಿ ನಿಮ್ಮ ವೈದ್ಯರಿಗೆ ತೋರಿಸಿ.