ಸತ್ಯನ್ ಚಿತ್ರಗಳನ್ನು ಎಲ್ಲಿ ಹುಡುಕಲಿ?

*ಗಂಗಾವತಿಯಲ್ಲಿ ಫೋಟೊ ಸ್ಟುಡಿಯೊ ನಡೆಸುತ್ತೇನೆ. ಟಿ.ಎಸ್. ಸತ್ಯನ್ ಅವರ ಚಿತ್ರಲೇಖನಗಳನ್ನು ಹಳೆಯ ಪತ್ರಿಕೆಗಳಲ್ಲೇ ನೋಡುವಾಸೆ. ಹುಡುಕುವುದು ಹೇಗೆ?*

ಮೊದಲು ಸತ್ಯನ್ (1923–2009) ಅವರ ಆತ್ಮಕಥೆ 'ಕಾಲಕ್ಕೆ ಕನ್ನಡಿ' ಓದಿ. ಯಾವ ಕಾಲದಲ್ಲಿ ಯಾವ ಪತ್ರಿಕೆಗೆ ದುಡಿದರೆಂದು ಗುರುತು ಹಾಕಿಕೊಳ್ಳಿ. ಪತ್ರಿಕೆಯ ಹೆಸರು, ವರ್ಷ ಇಲ್ಲದೆ ಹೋದರೆ ಗ್ರಂಥಪಾಲಕರೂ ಏನೂ ಮಾಡಲಾರರು.

ಆ ಪಟ್ಟಿ ಹಿಡಿದು ಕೊಪ್ಪಳದ ಜಿಲ್ಲಾ ಕೇಂದ್ರ ಗ್ರಂಥಾಲಯದಲ್ಲಿ ವಿಚಾರಿಸಿ. 1993ರಲ್ಲಿ ನಿಂತುಹೋದ 'ಇಲ್ಲಸ್ಟ್ರೇಟೆಡ್ ವೀಕ್ಲಿ'ಯಂಥವು ಅಲ್ಲಿ ಸಿಗದಿದ್ದರೆ ಬೆಂಗಳೂರಿನ ಕಬ್ಬನ್ ಪಾರ್ಕಿನ ರಾಜ್ಯ ಕೇಂದ್ರ ಗ್ರಂಥಾಲಯಕ್ಕೆ ಫೋನ್ ಮಾಡಿ, ಸಂಪುಟ ಇದೆಯೆಂದು ಖಚಿತವಾದ ಮೇಲೆಯೇ ಬಸ್ ಹತ್ತಿ. 'ಲೈಫ್' ಪತ್ರಿಕೆಗೆ ಪ್ರಯಾಣವೇ ಬೇಡ: 1936ರಿಂದ 1972ರವರೆಗಿನ ಸಂಚಿಕೆಗಳು ಗೂಗಲ್ ಬುಕ್ಸ್‌ನಲ್ಲಿ ಉಚಿತ.

ಪರಿವಿಡಿಯನ್ನಷ್ಟೇ ನಂಬಬೇಡಿ. ಅಲ್ಲಿ ಬರಹಗಾರರ ಹೆಸರಿರುತ್ತದೆ. ಛಾಯಾಗ್ರಾಹಕರ ಹೆಸರು ಎಷ್ಟೋ ಸಲ ಚಿತ್ರದಂಚಿನ ಸಣ್ಣಕ್ಷರದಲ್ಲಿ ಅಡಗಿರುತ್ತದೆ. ಪುಟಪುಟ ತಿರುವಲೇಬೇಕು.

ಹಳೆಯ ಬೈಂಡಿನ ಬೆನ್ನು ಮುರಿಯುವಂತೆ ಜೆರಾಕ್ಸ್ ಯಂತ್ರಕ್ಕೆ ಒತ್ತಬೇಡಿ. ಅನುಮತಿ ಪಡೆದು, ಕಿಟಕಿ ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ ಕ್ಲಿಕ್ಕಿಸಿ. ಮುಖಪುಟವನ್ನೂ ತೆಗೆದಿಟ್ಟುಕೊಳ್ಳಿ, ದಿನಾಂಕ ಕೇಳಿದವರಿಗೆ ಅದೇ ದಾಖಲೆ.